ಖಜಾಂಚಿಯ ಟಿಪ್ಪಣಿ

ನಷ್ಟ ಅಂದರೆ ಏನೆಂದು ನನಗೆ ಹೇಳಿಕೊಡಬೇಡ, ರೋಸಮೆಲ್.
ಹನ್ನೊಂದು ವರ್ಷ ಈ ರೇಡಿಯೋ ಕ್ಲಬ್ಬಿನ ಲೆಕ್ಕ ಬರೆದವಳು ನಾನು,
ಚಿಲಿಯ ಈ ಬಾಲದ ತುದಿಯಲ್ಲಿ
ಬಿಸ್ಕತ್ತಿನ ಡಬ್ಬಿಯೇ ನಮ್ಮ ಬ್ಯಾಂಕು.
ಆದರೆ ನೀನು ಅಗ್ನಿಶಾಮಕ ಠಾಣೆಯ ಮೇಜಿನ ಮೇಲೆ
ಗುಡ್ಡದಿಂದ ಇಳಿಸಿದ ಹಳೆಯ ಕೇಬಲ್ ಇಟ್ಟು,
ಚಿಪ್ಪು ಬಿಡಿಸುವ ಚಾಕುವಿನಿಂದ
ಉದ್ದಕ್ಕೆ ಸೀಳಿದೆ.
ಕಪ್ಪು ನೀರು ಸುರಿಯಿತು, ಒಂದು ಲೋಟದಷ್ಟು.
ತಾಮ್ರದ ಜಡೆ ಹಸಿರು ಪುಡಿಯಾಗಿ
ನನ್ನ ರಸೀದಿ ಪುಸ್ತಕದ ಮೇಲೆ ಉದುರಿತು.

"ಕೆಳಗೆ ಐವತ್ತು ವ್ಯಾಟ್ ಕೊಡುತ್ತೇವೆ.
ಆಂಟೆನಾಗೆ ತಲುಪುವುದು ಹತ್ತೂ ಇಲ್ಲ.
ಉಳಿದದ್ದನ್ನೆಲ್ಲ ಇದು ಹೊಟ್ಟೆಗೆ ಹಾಕಿಕೊಂಡಿದೆ."

ಹೋಗುವಾಗ ನುಂಗುವುದು ಬರುವಾಗಲೂ ನುಂಗುತ್ತದಲ್ಲ?
ಆಗ ನನಗೆ ಹುಯೆಂಚುರ್ ನೆನಪಾದ.

ಆಗಸ್ಟಿನ ಆ ರಾತ್ರಿ, ಜಲಸಂಧಿಯ ಆಚೆಯ ದ್ವೀಪದಿಂದ
ಅವನ ದನಿ: "ಬರ—"
ಆಮೇಲೆ ಬಾಣಲೆಯಲ್ಲಿ ಕೊಬ್ಬು ಸಿಡಿದಂಥ ಸದ್ದು.
ನಾಲ್ಕು ಜನ ದೋಣಿ ಇಳಿಸಿದರು,
ಬೆಳಗಿನವರೆಗೂ ಅಲೆಗಳ ಏಟು ತಿಂದರು,
ನಿಬಾಲ್ದೋನ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.
ಅಲ್ಲಿ ಅವನು ಒಲೆಯ ಪಕ್ಕ ಆಲೂಗಡ್ಡೆ ಸುಲಿಯುತ್ತಿದ್ದ.
"ಬರಬೇಡಿ ಅಂದೆನಲ್ಲ? ಕಳೆದ ಹಸು ತಾನೇ ಬಂತು ಅಂತ."
ಆ "ಬೇಡಿ" ಗುಡ್ಡದ ಮೇಲೆ,
ಈ ಕಪ್ಪು ನೀರಲ್ಲಿ ಮುಳುಗಿತ್ತು.
ನನ್ನ ಪುಸ್ತಕದಲ್ಲಿ ಅದರ ಬೆಲೆ ಇದೆ:
ತೊಂಬತ್ತು ಲೀಟರ್ ಡೀಸೆಲ್.

ಹೊಸದು ಯಾವುದು?
ನಿಬಾಲ್ದೋಗೆ ಕಿರುಬೆರಳು ದಪ್ಪದ್ದೇ ಬೇಕು. ಅಗ್ಗ, ಹಗುರ,
ಬಾಗಿಸಿದತ್ತ ಬಾಗುತ್ತದೆ, ಹೆಗಲಿಗೆ ಹಾಕಿ ಹತ್ತಬಹುದು,
ನಷ್ಟವೂ ಅಷ್ಟೇನಲ್ಲ, ಎರಡು ಡೆಸಿಬಲ್.
ಡಬ್ಬಿಯ ತಳ ಕಾಣುತ್ತಿತ್ತು, ನಾನೂ ಅದಕ್ಕೇ ಒಲಿದಿದ್ದೆ.
ನೀನು ಒಪ್ಪಲಿಲ್ಲ.

"ಮನೆಯ ರೇಡಿಯೋಗಾದರೆ ಸರಿ.
ಅದು ಮಾತಾಡುವಾಗ ಕೇಳುವುದಿಲ್ಲ,
ಕೇಳುವಾಗ ಮಾತಾಡುವುದಿಲ್ಲ.
ರಿಪೀಟರ್ ಬಾಯಿ ತೆರೆದಿರುವಾಗಲೇ ಕಿವಿಯೂ ತೆರೆದಿರಬೇಕು,
ಎರಡಕ್ಕೂ ಇರುವುದು ಇದೊಂದೇ ಗಂಟಲು.
ಇದರೊಳಗೆ ಅಲ್ಯೂಮಿನಿಯಂ ಹಾಳೆ, ಮೇಲೆ ತವರ ಬಳಿದ ಜಡೆ.
ಗಾಳಿಗೆ ಅಲುಗಿದಾಗಲೆಲ್ಲ ಎರಡು ಲೋಹ
ಒಳಗೊಳಗೇ ಮಸೆಯುತ್ತವೆ,
ತನ್ನ ಮಾತಿನ ಗದ್ದಲವೇ ತನ್ನ ಕಿವಿ ಮುಚ್ಚುತ್ತದೆ."

ತೀರಿಹೋದ ನನ್ನ ಗಂಡನನ್ನು ನೆನೆದು ನಕ್ಕುಬಿಟ್ಟೆ.
ಯಾಕೆಂದು ನೀನು ಕೇಳಲಿಲ್ಲ, ಒಳ್ಳೆಯದಾಯಿತು.

ಕೊನೆಗೆ ಅರ್ಧ ಇಂಚಿನದು. ಜಡೆಯಿಲ್ಲ, ಹಾಳೆಯಿಲ್ಲ,
ಹೊರಗೆ ಒಂದೇ ತಾಮ್ರದ ಕೊಳವೆ, ಮೈಯೆಲ್ಲ ಅಲೆ.
ಮುಚ್ಚಿಹೋದ ಮೀನು ಸಾಕಣೆ ಕಂಪನಿಯ ಗೋಪುರದ್ದು,
ನಲವತ್ತಮೂರು ಮೀಟರ್, ಪುಕ್ಕಟೆ ಎಂದು ಹಿಗ್ಗಿದೆ.
ಎರಡು ತುದಿಯ ಕನೆಕ್ಟರುಗಳಿಗೆ ಎರಡು ಕುರಿಯ ಬೆಲೆ!
ಎರ್ಮೆಲಿಂದಾ ಒಂದು ಕುರಿ ಕೊಟ್ಟಳು, ಲಾಟರಿಗಿಟ್ಟೆವು,
ಚೀಟಿಗೆ ಸಾವಿರ ಪೆಸೊ.

ಮೊಣಕೈಯಂತೆ ಮಡಿಸಿದರೆ ಸತ್ತೇಹೋಗುತ್ತದಂತೆ.
ದೊಡ್ಡ ಚಕ್ರದ ಹಾಗೆ ಸುತ್ತಿ ಕುದುರೆಯ ಮೇಲೆ ಕಟ್ಟಿದಿರಿ,
ಕುದುರೆಗೆ ಒಗ್ಗಲಿಲ್ಲ,
ಕೊನೆಯ ಏರು ನೀನೂ ನಿಬಾಲ್ದೋನೂ ಹೊತ್ತಿರಿ.

ನಾನು ಮೇಲೆ ಬಂದದ್ದು ಟೇಪು ಸುತ್ತುವುದನ್ನು ನೋಡಲು.
ಕೆಳಗಿನಿಂದ ಮೇಲಕ್ಕೆ, ಸೂರಿಗೆ ಹಲಗೆ ಹೊದಿಸಿದಂತೆ,
ಗೂಡಿನೊಳಗೆ ನುಗ್ಗುವ ಮುಂಚೆ ಒಂದು ಇಳಿಬಿದ್ದ ಕುಣಿಕೆ,
ಹನಿ ಅಲ್ಲೇ ತೊಟ್ಟಿಕ್ಕಲಿ ಅಂತ.
ಮಾತಿಗಿಂತ ತೂತಿಗೆ ಹೆದರುವ ಜನ ನೀವು.

ಸಂಜೆ ನಾಲ್ಕೂವರೆಗೆ ಹುಯೆಂಚುರ್ ಕರೆದ.
ಬಟನ್ ಒತ್ತಿ, ಉಸಿರೆಳೆದು, "ಕೇಳಿಸುತ್ತಾ?"
ಉಸಿರೂ ಕೇಳಿಸಿತು. ಹಿಂದೆಲ್ಲೋ ಕೆಟಲಿನ ಸೀಟಿ.
"ಯಾರೂ ಬರಬೇಡಿ" ಎಂದ, ತಮಾಷೆಗೆ, ಪೂರ್ತಿಯಾಗಿ.
"ಬಂದರೆ ಸಕ್ಕರೆ ತನ್ನಿ."

ನಷ್ಟದ ಸಾಲಿನಲ್ಲಿ ಬರೆದೆ: ಒಂದು ಡೆಸಿಬಲ್, ಚಿಲ್ಲರೆ.
ಉಳಿಕೆ: ಮೂರು ಮೀಟರ್ ಕೇಬಲ್,
ಒಂದು ಕುರಿ. ಗೆದ್ದವರು ಇನ್ನೂ ಒಯ್ದಿಲ್ಲ,
ಠಾಣೆಯ ಹಿಂದೆ ಕಟ್ಟಿದ್ದೇವೆ,
ಸೈರನ್ನಿಗೆ ಉತ್ತರ ಕೊಡುತ್ತದೆ.