ಮುಳ್ಳಯ್ಯನಗಿರಿಯಲ್ಲಿ ಎಣಿಸಿದ್ದು

ನಾನು ಬೆಲ್ ಹೊಡೆಯುವವನು.
ಸ್ಟಾಫ್ ರೂಮಿನ ಗೋಡೆ ಗಡಿಯಾರ ಹತ್ತು ಅಂದರೆ
ಇಡೀ ಕಾಲೇಜಿಗೆ ಹತ್ತು.
ಅದು ಎರಡು ನಿಮಿಷ ಹಿಂದೆ ಬಿದ್ದ ವಾರ
ಕಾಲೇಜೇ ಹಿಂದೆ ಬಿದ್ದಿತ್ತು, ಯಾರಿಗೂ ಗೊತ್ತಾಗಲಿಲ್ಲ.

ರೆಜಿನಾ ಮೇಡಂ ನಕ್ಕರು: ಲೋಕಪ್ಪ,
ಆಕಾಶದಲ್ಲಿ ಹಾಗೆ ಎಲ್ಲರಿಗೂ ಒಂದೇ ಬೆಲ್ ಇಲ್ಲ.

ಅದನ್ನು ತೋರಿಸಲೆಂದೇ ಭಾನುವಾರ
ಹಮ್ಜಾನ ಜೀಪಿನಲ್ಲಿ ಹಿಡಿಸಿದಷ್ಟು ಹುಡುಗರು,
ಬಿಸ್ಕತ್ತಿನ ಡಬ್ಬಿಯಲ್ಲಿ ಅವರೇ ಜೋಡಿಸಿದ ಯಂತ್ರ,
ನನ್ನ ಹೆಗಲಿಗೆ ಲಾರಿಯ ಬ್ಯಾಟರಿ.
ಕೊನೆಯ ಮೆಟ್ಟಿಲುಗಳಲ್ಲಿ ಮಂಜು, ಮೊಣಕಾಲು, ಮಂಜು.

ಗದ್ದುಗೆಯ ಗೋಡೆ ಮರೆಯಲ್ಲಿ ಕೂತು
ಒಂದು ಗಂಟೆ ಎಣಿಸಿದೆವು.
ಟಿಕ್. ಟಿಕ್‌ಟಿಕ್. ಆಮೇಲೆ ಏನೂ ಇಲ್ಲ. ಟಿಕ್.
ಸೆಲ್ಫಿಗೆ ಬಂದವನೊಬ್ಬ ಕೇಳಿದ: ಮಳೆ ಅಳೀತೀರಾ?
ಒಂಥರಾ ಹೌದು, ಅಂದರು ಮೇಡಂ.
ನಾನೂರ ಹನ್ನೆರಡು.

ಮ್ಯೂಯಾನ್ ಅಂತೆ. ಹತ್ತು ಮೈಲಿ ಮೇಲೆ ಹುಟ್ಟಿ
ಬೆಳಕಿನ ಹಿಮ್ಮಡಿ ತುಳಿಯುತ್ತ ಓಡಿ ಬರುವ ಕೂಸು.
ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ
ಎರಡು ಚೂರು, ಮೇಲೊಂದಿಷ್ಟು ಚಿಲ್ಲರೆ: ಅದರ ಆಯಸ್ಸು.
ಬೆಟ್ಟದ ತುದಿಯಿಂದ ಊರು ಮುಟ್ಟುವಷ್ಟರಲ್ಲಿ
ಹೆಚ್ಚೂಕಡಿಮೆ ಮುಕ್ಕಾಲು ಪಾಲು ಸತ್ತಿರಬೇಕು.
ಉಳಿಯಬೇಕಾದ್ದು ನೂರ ಹದಿನೈದು,
ಮೇಡಂ ಬೋರ್ಡಿನ ಮೇಲೆ ಬರೆದಿಟ್ಟರು.

ಮಧ್ಯಾಹ್ನ ಚಿಕ್ಕಮಗಳೂರಿನ ಲ್ಯಾಬು. ಅದೇ ಡಬ್ಬಿ, ಅದೇ ಒಂದು ಗಂಟೆ.
ಮುನ್ನೂರ ಮೂವತ್ತೆಂಟು.

ಬ್ಯಾಟರಿ ಸರಿಯಿಲ್ಲ ಅಂದ ಒಬ್ಬ.
ಹೊತ್ತ ಹೆಗಲಿಗೆ ಅವಮಾನವಾಯಿತು.

ಹೆಚ್ಚು ಬದುಕಿತಾ ಮೇಡಂ ಅದು?
ನಮ್ಮ ಗಡಿಯಾರದಲ್ಲಿ ಹೌದು. ಅದರ ಗಡಿಯಾರದಲ್ಲಿ ಇಲ್ಲ,
ಅದಕ್ಕೆ ಎರಡೆಂದರೆ ಎರಡೇ.
ಅದರ ಕಡೆಯಿಂದ ನೋಡಿದರೆ, ಲೋಕಪ್ಪ, ಬೆಟ್ಟವೇ ಗಿಡ್ಡ.

ನನಗಂತೂ ಗಿಡ್ಡವಾಗಲಿಲ್ಲ.

ಸಂಜೆ ಸೈಕಲ್ ತಳ್ಳಿಕೊಂಡು ಜಿಲ್ಲಾಸ್ಪತ್ರೆ ದಾಟಿದೆ.
ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿ
ಒಂದೂವರೆ ದಿನ ಇದ್ದು ಹೋದಳು,
ಹೆಸರಿಡುವಷ್ಟೂ ಹೊತ್ತಿರಲಿಲ್ಲ.
ನಮ್ಮ ಮನೆ ಗಡಿಯಾರದಲ್ಲಿ ಇನ್ನೂ ಇಳಿದು ಬರುತ್ತಲೇ ಇದ್ದಾಳೆ.
ಅವಳ ಗಡಿಯಾರದಲ್ಲಿ?
ಸೂತ್ರ ಇಲ್ಲಿಗೆ ಹೊಂದುವುದಿಲ್ಲ, ಗೊತ್ತು.
ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದಕ್ಕೆ ಎಲ್ಲಿಯ ವೇಗ.
ಮೇಡಂ ಕೇಳಿದರೆ ಮಾರ್ಕ್ಸ್ ಕಟ್.

ಸೋಮವಾರ ಹತ್ತಕ್ಕೆ ಸುತ್ತಿಗೆ ಎತ್ತಿದೆ.
ಎತ್ತಿದ ಅಂಗೈಯೊಳಗೆ ಒಂದೋ ಎರಡೋ ಹಾದಿರಬೇಕು,
ನೋವಿಲ್ಲ, ಗುರುತಿಲ್ಲ.

ಹೊಡೆದೆ. ಹುಡುಗರು ಓಡಿದರು,
ತಡವಾಯಿತೆಂದುಕೊಂಡು.