ತುಂಬಿ ಉಳಿದ ಲೋಟ

ಈ ಬೀಗಕ್ಕೆ ಅವಸರ ಆಗಲ್ಲ ಅಯ್ನೋರೇ.
ಕೀಲಿ ಅರ್ಧ ತಿರುಗಿಸಿ, ಬಾಗಿಲನ್ನ ನಿಮ್ಮ ಕಡೆ ಎಳೆದು,
ಆಮೇಲೆ ಪೂರ್ತಿ. ಹಾಂ, ಹಂಗೆ.
ನೆಲ ಈಗಷ್ಟೇ ಒರೆಸಿದ್ದು, ಚಪ್ಪಲಿ ಹೊರಗಿರಲಿ.

ನಾನು ಸತ್ಯಶೀಲ. ಇಪ್ಪತ್ತಾರು ವರ್ಷದಿಂದ
ಭದ್ರಾವತಿಯ ಈ ಸಭೆಯ ಕಸ ಗುಡಿಸೋಳು.
ನಿಮಗಿಂತ ಮುಂಚೆ ನಾಲ್ಕು ಪಾಲಕರನ್ನ ಕಂಡವಳು.
ಒಬ್ಬರ ಪ್ರಸಂಗ ಕೇಳೋಕೆ ಶಿವಮೊಗ್ಗದಿಂದ ಬಸ್ಸು ಹತ್ತಿ ಬರ್ತಿದ್ರು;
ಎಂಥಾ ಕಂಠ ಮಾರಾಯ್ರೆ, ಕಿಟಕಿ ಗಾಜು ಅದುರೋದು.
ಒಂದು ಮಾತೂ ಈಗ ನೆನಪಿಲ್ಲ ನನಗೆ.
ಇನ್ನೊಬ್ಬರು ತೊದಲ್ತಿದ್ರು, ಸಮಾಧಾನಪ್ಪ ಅಂತ.
ಮಿಲ್ಲಲ್ಲಿ ಕುದಿಯೋ ಪಲ್ಪು ಬಿದ್ದು ನನ್ನ ತಮ್ಮ ಬೆಂದ ರಾತ್ರಿ
ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತಿದ್ರು,
ಒಂದು ಕಾಲಿಗೆ ತಮ್ಮ ಚಪ್ಪಲಿ,
ಇನ್ನೊಂದಕ್ಕೆ ಹೆಂಡತೀದು.
ಬೆಳಗಿನವರೆಗೂ ತುಟಿ ಬಿಚ್ಚಲಿಲ್ಲ.
ಅದು ಬಾಯಿಪಾಠ ಇದೆ.

ತಿಂಗಳ ಮೊದಲ ಭಾನುವಾರ ಪ್ರಭುಭೋಜನ.
ಪುಟ್ಟ ಗಾಜಿನ ಲೋಟ, ಐವತ್ತೆಂಟು.
ಸೋಮವಾರ ತೊಳೆಯೋಳು ನಾನೇ.
ಎರಡರಲ್ಲಿ ದ್ರಾಕ್ಷಾರಸ ಹಾಗೇ ಉಳಿದಿರತ್ತೆ,
ಏಳು ತಿಂಗಳಿಂದ.
ಬಲಗಡೆ ಬೆಂಚಿನ ರೂಬೆನ್ನಂದು ಒಂದು,
ಎಡಗಡೆ ಅವನ ಅಣ್ಣ ಜಯಶೀಲಂದು ಇನ್ನೊಂದು.
ಅವ್ವನ ಸಮಾಧಿಗೆ ಕಲ್ಲು ಹಾಕಿಸೋ ದುಡ್ಡಿನ ಜಗಳ.
ಹಿಂದಿನವರು ವೇದಿಕೆ ಮೇಲಿಂದ ನೋಡಿದ್ರು;
ಅಲ್ಲಿಂದ ತಲೆಗಳಷ್ಟೇ ಕಾಣೋದು.
ವರದಿಯಲ್ಲಿ ಬರೆದ್ರು: ಹಾಜರಿ ಐವತ್ತೆಂಟು.
ಕಾಣಿಕೆ ಅಲ್ಲೇ ಇಟ್ಟು ಮೊದಲು ಅಣ್ಣನ ಮನೆ ಬಾಗಿಲು ತಟ್ಟು ಅಂತ
ನಿಮ್ಮ ಕಂಕುಳಲ್ಲಿರೋ ಆ ಕಪ್ಪು ರಟ್ಟಿನೊಳಗೇ ಇದೆಯಲ್ಲ,
ಅದು ನೀವು ಓದಿದ್ದು.
ನಾನು ಓದೋದು ಲೋಟ.

ನವೆಂಬರಿಗೆ ಸುಗ್ಗಿ ಹಬ್ಬದ ಹರಾಜು ಬರತ್ತೆ.
ಕಂಟ್ರಾಕ್ಟರ್ ಸ್ಯಾಮ್ಸನ್ ಒಂದು ಕುಂಬಳಕಾಯಿಗೆ ಒಂಬತ್ತು ಸಾವಿರ ಕೂಗ್ತಾರೆ,
ಕೂಗಿ ನಿಮ್ಮ ಮುಖ ನೋಡ್ತಾರೆ.
ಮೂರು ಮೊಟ್ಟೆ ಸೆರಗಲ್ಲಿ ಕಟ್ಕೊಂಡು ಬಂದ ಕಮಲಾಕ್ಷಿಯೂ
ಹಿಂದಿನ ಸಾಲಿಂದ ಅದೇ ಮುಖ ನೋಡ್ತಿರ್ತಾಳೆ.
ಅಷ್ಟೇ ಹೇಳೋದು.

ಆ ಗೋಡೆ ಪಟ ಕಾಣ್ತದಲ್ಲ, ಹೆಗಲ ಮೇಲೆ ಕುರಿಮರಿ,
ಸೋಪು ಹಾಕಿ ಮೀಯಿಸಿದ ಹಾಗೆ ಬೆಳ್ಳಗೆ.
ಅದರ ಧೂಳು ನಾನೇ ಒರೆಸೋದು.
ಗದ್ದೆ ಕೊಯ್ಲಾದ ಮೇಲೆ ಬಯಲುಸೀಮೆಯ ಮಂದೆ ಬರತ್ತೆ
ಹೊಳೆಹೊನ್ನೂರಿನ ದಾರಿ ಹಿಡಿದು.
ಹೋದ ವರ್ಷ ಒಬ್ಬ ಮುದುಕ, ಕಂಬಳಿ ಹೊದ್ದವನು,
ದಬ್ಬಣದಲ್ಲಿ ಕುರಿಯ ಗೊರಸಿನ ಮುಳ್ಳು ಕೀಳ್ತಿದ್ದ.
ಕೀವು, ನಾತ, ಒದೆ.
ಎಷ್ಟು ಕುರಿ ಅಜ್ಜ ನಿಂದು, ಅಂದೆ.
‘ನಂದು ಒಂದೂ ಇಲ್ಲ ತಾಯಿ.
ಎಣಿಸಿ ಕೊಟ್ಟಾರ, ಎಣಿಸಿ ಒಪ್ಪಿಸಬೇಕು.’
ಆವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ,
ಬರೀ ಕಸ ಗುಡಿಸೋಳಿಗೆ.

ನಿನ್ನೆ ಪರಿಚಯದ ಭಾಷಣದಲ್ಲಿ ‘ನನ್ನ ಸಭೆ’ ಅಂದ್ರಿ ನೀವು.
ಮೂರು ಸಲ.
ಬೇಜಾರು ಮಾಡ್ಕೋಬೇಡಿ. ಎಣಿಸೋದು ನನ್ನ ಚಟ.

ಇಗೊಳ್ಳಿ ಗೊಂಚಲು. ಸಣ್ಣದು ಕಪಾಟಿಂದು,
ಗೆದ್ದಲು ಹತ್ತಿದೆ, ಹಳೇ ದಾಖಲೆ ಪುಸ್ತಕ ಬಿಸಿಲಿಗೆ ಹಾಕ್ಬೇಕು.
ಸಂಜೆ ಕಾಗದನಗರದ ಕಡೆ ಹೋಗ್ಬನ್ನಿ.
ಖಾಲಿ ಕ್ವಾರ್ಟರ್ಸ್ ಸಾಲಲ್ಲಿ ಒಂದೇ ಮನೇಲಿ ದೀಪ ಇರತ್ತೆ:
ಥಿಯೋಫಿಲಸ್ ಮಾಸ್ತರು. ಸೈರನ್ ನಿಂತು ಎಷ್ಟು ಕಾಲವಾದರೂ
ಮೊದಲ ಪಾಳಿಯ ಹೊತ್ತಿಗೆ ಸರಿಯಾಗಿ ಎದ್ದು ಕೂರ್ತಾರೆ.
ಸಕ್ಕರೆ ಕಾಯಿಲೆ, ಪಾದ ಕೊಳೀತಿದೆ.
ಹೋದ ತಕ್ಷಣ ಪುಸ್ತಕ ಬಿಚ್ಚಬೇಡಿ.
ಬಚ್ಚಲ ಒಲೆ ಹಚ್ಚಿ, ನೀರು ಕಾಯ್ಸಿ.
ಪ್ರಾರ್ಥನೆ ಅವರೇ ಮಾಡ್ತಾರೆ, ನಿಮಗೋಸ್ಕರ.
ಟವೆಲ್ಲು ಮಾತ್ರ ನಿಮ್ಮದೇ ಒಯ್ಯಿರಿ,
ಅಲ್ಲಿರೋದು ಒಂದೇ.