ಪ್ರೆಶರ್

ನರ್ಸಮ್ಮ ಮೊದಲು ತಂದದ್ದು ಮಕ್ಕಳ ಪಟ್ಟಿ,
ನೀಲಿ ಬಣ್ಣ, ಮೇಲೊಂದು ಜಿರಾಫೆ.
ಸುತ್ತಿದಳು. ಸಾಲಲಿಲ್ಲ.
ಜಿರಾಫೆಯ ಕತ್ತು ಅರ್ಧಕ್ಕೇ ನಿಂತಿತು.
"ದೊಡ್ಡೋರದ್ದು ಕೊಡೇ" ಅಂದಳು ಪಕ್ಕದವಳಿಗೆ,
ಮೆಲ್ಲಗೆ, ಆದರೂ ಕೇಳಿಸುವ ಹಾಗೆ.
ಇಂಪನಾ ಗೋಡೆಯ ಕಡೆ ನೋಡಿದಳು.
ಹತ್ತು ವರ್ಷ, ಐದನೇ ಕ್ಲಾಸು, ಐವತ್ತೆಂಟು ಕೇಜಿ.

ನಾನು ಮೂವತ್ತೊಂದು ವರ್ಷ
ಭದ್ರಾವತಿಯ ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಂಡವ.
ಮುಳ್ಳು ಎಲ್ಲಿಗೆ ಬಂದರೆ ಕಲ್ಲಿದ್ದಲು ತಗ್ಗಿಸಬೇಕು,
ಎಲ್ಲಿಗೆ ಬಂದರೆ ಓಡಬೇಕು,
ನಿದ್ದೆಗಣ್ಣಲ್ಲೂ ಗೊತ್ತಿತ್ತು.
ಶಿವಮೊಗ್ಗದ ಆ ತಣ್ಣನೆ ಕೋಣೆಯಲ್ಲಿ
ಮೊಮ್ಮಗಳ ತೋಳಿಗೆ ಕಟ್ಟಿದ ಗೇಜಿನ ಮುಳ್ಳು
ನೂರಾ ಮೂವತ್ತಾರರಲ್ಲಿ ಒಮ್ಮೆ ನಡುಗಿತು.
ಕೂತಲ್ಲೇ ನನ್ನ ಕಾಲು ಓಡಲು ನೋಡಿದವು.

"ಇನ್ನೊಮ್ಮೆ ನೋಡೋಣ" ಅಂದರು ಡಾಕ್ಟರು.
ನೋಡಿದರು. ಮುಂದಿನ ವಾರ ಮತ್ತೊಮ್ಮೆ.
ಆಮೇಲೆ ಕತ್ತಲೆ ಕೋಣೆಯಲ್ಲಿ
ಎದೆಗೆ ಏನೋ ಅಂಟಂಟು ಹಚ್ಚಿ
ಪರದೆಯ ಮೇಲೆ ತೋರಿಸಿದರು:
ಮೀನು ಬಾಯಿ ತೆರೆದು ಮುಚ್ಚುವ ಹಾಗೆ ಒಂದು ಕವಾಟ.
"ಈ ಎಡಗಡೆ ಗೋಡೆ ಸ್ವಲ್ಪ ದಪ್ಪ ಆಗಿದೆ, ನೋಡಿ."

ಒಳ್ಳೇದೇ ಅಲ್ವಾ ಸಾರ್, ಅಂದುಬಿಟ್ಟೆ.
ನಮ್ಮಲ್ಲಿ ತಗಡು ದಪ್ಪ ಇದ್ದಷ್ಟೂ ಭಯ ಕಮ್ಮಿ.
ಆತ ನಗಲಿಲ್ಲ. ಅದಕ್ಕೇ ನಂಬಿಕೆ ಬಂತು.
"ಇದು ತಗಡಲ್ಲ, ಯಜಮಾನರೇ.
ಹತ್ತು ವರ್ಷದ ಗುಂಡಿಗೆ
ಎರಡಾಳಿನ ಹೊರೆ ಹೊತ್ತು ಹೊತ್ತು
ಬೆಳೆಸಿಕೊಂಡ ರಟ್ಟೆ."

ಕೊಳವೆಗಳ ವಿಷಯ ಅವರು ಹೇಳುವ ಮೊದಲೇ ನನಗೆ ಹೊಳೆದಿತ್ತು.
ವರ್ಷಕ್ಕೊಮ್ಮೆ ಬಾಯ್ಲರ್ ತಣಿಸಿ ಒಳಗಿಳಿದರೆ
ಟಾರ್ಚಿನ ಬೆಳಕಿಗೆ ಕಾಣುವುದು ಅದೇ,
ಒಳಮೈಗೆ ಕಚ್ಚಿಕೊಂಡ ಬಿಳಿ ಹಿಟ್ಟು.
ಮೊದಲ ವರ್ಷ ಉಗುರಲ್ಲಿ ಕೆರೆದರೆ ಬರುತ್ತದೆ.
ಹತ್ತನೇ ವರ್ಷಕ್ಕೆ ಉಳಿ ಬೇಕು.
ಆಮೇಲೆ ಕೊಳವೆಯನ್ನೇ ಕೊಯ್ಯಬೇಕು.
ಇವಳದ್ದು ಯಾವ ಕಾಲ ಸಾರ್, ಅಂದೆ.
"ಇನ್ನೂ ಉಗುರಿನ ಕಾಲ" ಅಂದರು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ.
ಅವಳಮ್ಮ ಗಾರ್ಮೆಂಟ್ಸಿನಿಂದ ಬರುವುದು ಏಳಕ್ಕೆ.
ನಾಲ್ಕರಿಂದ ಏಳು ನನ್ನ ಶಿಫ್ಟು.
ಆ ಶಿಫ್ಟಿನಲ್ಲಿ ನಾನು ಒಲೆಗೆ ಸುರಿದದ್ದು
ದಿನಕ್ಕೊಂದು ಪಫ್ಸು, ಬೆಣ್ಣೆ ಬಿಸ್ಕತ್ತು,
ಕಿತ್ತಳೆ ಬಣ್ಣದ ಒಂದು ಬಾಟಲಿ,
ಸುಮ್ಮನಿರಲಿ ಅಂತ ಮೇಲೊಂದು ಫೋನು.
ಸುಮ್ಮನೇ ಇದ್ದಳು.
ಬಾಯ್ಲರ್ ಸುಮ್ಮನಿದ್ದರೆ ಮೊದಲು ಅನುಮಾನ ಪಡಿ ಅಂತ
ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವ ನಾನೇ.

ಈಗ ಸಂಜೆ ಐದಕ್ಕೆ ಹೊರಡುತ್ತೇವೆ.
ಕ್ವಾರ್ಟರ್ಸಿನ ರಸ್ತೆ, ಅರ್ಧ ಮನೆಗಳಿಗೆ ಬೀಗ,
ಲಂಟಾನ ಪೊದೆ ದಾಟಿದರೆ ಮಿಲ್ಲಿನ ಗೇಟು.
ಮೊದಲ ದಿನ ನೀರಿನ ಟ್ಯಾಂಕಿನ ಹತ್ತಿರವೇ ಕೂತಳು,
ಎದೆ ಹಾರುತ್ತಿತ್ತು, ನನ್ನದೂ.
"ಯಾಕಜ್ಜ ಈಗ ಸೈರನ್ ಕೂಗಲ್ಲ?"
ಮಿಲ್ಲು ಮುಚ್ಚಿತಲ್ಲ ಮಗಾ.
ಸ್ವಲ್ಪ ಹೊತ್ತು ಬಿಟ್ಟು, ಚಪ್ಪಲಿ ನೋಡುತ್ತಾ,
"ಸ್ಕೂಲಲ್ಲಿ ನನ್ನ ರೋಡ್ ರೋಲರ್ ಅಂತಾರೆ.
ಖೋ-ಖೋ ಆಡುವಾಗ ನನ್ನನ್ನೇ ಕಂಬ ಮಾಡಿ ನಿಲ್ಲಿಸ್ತಾರೆ."
ಇಷ್ಟು ದಿನ ಎಲ್ಲಿತ್ತೋ ಆ ಹಬೆ.
ಮುಚ್ಚಳ ಮುಟ್ಟದೆ ಕೂತೆ. ಹೋಗುವಷ್ಟು ಹೋಗಲಿ.

ಮನೆಯಲ್ಲೊಂದು ಲಾಗ್ ಬುಕ್ಕಿದೆ.
ತರಬಾರದಿತ್ತು, ಕೊನೇ ದಿನ ಅಂಗಿಯೊಳಗಿಟ್ಟು ತಂದೆ.
ದಿನಾಂಕ, ವೇಳೆ, ಒತ್ತಡ, ಸಹಿ.
ಕೊನೆಯ ಸಾಲು ಸೊನ್ನೆ. ನನ್ನ ಸಹಿ.
ಅದರ ಕೆಳಗೆ ಈಗ, ವಾರಕ್ಕೊಮ್ಮೆ ನೋಡಿಸಿಕೊಂಡು ಬಂದು,
ನೂರಾ ಮೂವತ್ತಾರು, ನೂರಾ ಮೂವತ್ತಮೂರು,
ಮತ್ತೆ ಮೂವತ್ತೈದು, ಆ ವಾರ ಗೆಳತಿಯ ಬರ್ತ್‌ಡೇ,
ನೂರಾ ಇಪ್ಪತ್ತೊಂಬತ್ತು.
ಸಹಿ ಅವಳದೇ, ಪೆನ್ಸಿಲ್ಲಿನಲ್ಲಿ,
ಹೆಸರಿನ ಕೊನೆಯ ದೀರ್ಘವನ್ನು ಗೆರೆ ದಾಟಿಸಿ ಎಳೆಯುತ್ತಾಳೆ.

ನಿನ್ನೆ ಗೇಟಿನ ತನಕ ಹೋದೆವು.
ತುಕ್ಕಿನ ಸರಳು ಹಿಡಿದು
ತಣ್ಣಗಿರುವ ಹೊಗೆಗೊಳವೆ ನೋಡುತ್ತಾ ಕೇಳಿದಳು,
"ನಿಂದೆಷ್ಟಜ್ಜ?"
ನನ್ನದನ್ನು ನಾನು
ಯಾವತ್ತೂ ನೋಡಿಸಿಕೊಂಡಿರಲಿಲ್ಲ.